ಹಸಿವೊಂದೇ ಸಿಂಹಾಸನವನ್ನು ಉರುಳಿಸುತ್ತದೆಯೇ? 1917ರ ರಷ್ಯಾ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಜೆ.ಸಿ. ನಗರದ ಓದುಗ

ಬಳಗದ ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳು ಇಲ್ಲೇ ಬೆಂಗಳೂರಿನ ಕಾಲೇಜೊಂದರಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಕಳೆದ ಭಾನುವಾರ ಮನೆಗೆ ಬಂದವಳು ರಷ್ಯಾದ ಕ್ರಾಂತಿಯ ಪಾಠವನ್ನು ಮುಂದಿಟ್ಟುಕೊಂಡು, “ಮಾವ, ಮೊದಲನೆಯ ಮಹಾಯುದ್ಧದಲ್ಲಿ ಜನರಿಗೆ ಊಟಕ್ಕೇ ಇಲ್ಲದ ಹಾಗಾಯಿತು, ಅದಕ್ಕೇ ರಷ್ಯಾದ ದೊರೆ ತ್ಸಾರನನ್ನು ಇಳಿಸಿ ಲೆನಿನ್‌ನ ಪಕ್ಷದವರಾದ ಬೊಲ್ಶೆವಿಕರು ಅಧಿಕಾರಕ್ಕೆ ಬಂದರು ಅಂತ ನೋಟ್ಸಿನಲ್ಲಿದೆ. ಹಾಗಿದ್ದರೆ 1943ರಲ್ಲಿ ಬಂಗಾಳದಲ್ಲಿ ಅಷ್ಟೊಂದು ಜನ ಹಸಿದು ಸತ್ತರಲ್ಲ, ಆಗ ಯಾಕೆ ಕ್ರಾಂತಿ ಆಗಲಿಲ್ಲ?” ಎಂದು ಕೇಳಿದಳು. ಏನೋ ಒಂದು ಹೇಳಿ ಕಳಿಸಿದೆನಾದರೂ ನಾನು ಹೇಳಿದ್ದು ನನಗೇ ಒಪ್ಪಿಗೆಯಾಗಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನೂ ಕಾಡುತ್ತಿದೆ. ನಾನು ಬೆಳಗ್ಗೆ ನಡೆಯಲು ಹೋಗುವ ದಾರಿಯಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸಿಗುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಜೋಧಪುರದ ದಳದೊಂದಿಗೆ ನಮ್ಮ ಮೈಸೂರಿನದೂ ಇತ್ತು. ಅದೇ ಯುದ್ಧಕ್ಕೆ ಮೈಸೂರು ಸಂಸ್ಥಾನವೂ ಆಳುಗಳನ್ನು ಕೊಟ್ಟಿತು, ಹಣವನ್ನು ಕೊಟ್ಟಿತು. ಬೆಲೆ ಏರಿಕೆ ಇಲ್ಲಿಯೂ ಇತ್ತು, ಯುದ್ಧ ಮುಗಿಯುವ ಹೊತ್ತಿಗೆ ಬಂದ ಇನ್‌ಫ್ಲುಯೆಂಜಾ ಬೆಂಗಳೂರನ್ನೂ ಬಿಡಲಿಲ್ಲ. ಆದರೂ ನಾಲ್ವಡಿ ಕೃಷ್ಣರಾಜ ಒಡೆಯರ ಸಿಂಹಾಸನ ಅಲುಗಾಡಲಿಲ್ಲ. ಅತ್ತ 1913ರಲ್ಲಷ್ಟೇ ತನ್ನ ಆಳ್ವಿಕೆಯ ಮುನ್ನೂರನೆಯ ವರ್ಷವನ್ನು ವೈಭವದಿಂದ ಆಚರಿಸಿಕೊಂಡಿದ್ದ ರೊಮಾನೊವ್ ವಂಶ ನಾಲ್ಕೇ ವರ್ಷಗಳಲ್ಲಿ, ಅದೂ ಹೆಚ್ಚುಕಡಿಮೆ ಒಂದು ವಾರದ ಗಲಭೆಯಲ್ಲಿ, ಇಲ್ಲವಾಯಿತು. ಯುದ್ಧಕಾಲದ ಕಷ್ಟ ಅರಸೊತ್ತಿಗೆಯನ್ನು ಕೆಡವುವುದು ಯಾವಾಗ, ಬರೀ ಜನರನ್ನು ಕೊಂದು ಸುಮ್ಮನಾಗುವುದು ಯಾವಾಗ? ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ಉತ್ತರ ಸ್ವಲ್ಪ ಉದ್ದವಾದರೂ ಚಿಂತೆಯಿಲ್ಲ.

ಉತ್ತರ: ಮಲ್ಲೇಶ್ವರದ ನಿವೃತ್ತ ಉಪನ್ಯಾಸಕಿ

ಓದುಗರೇ, ನೋಟ್ಸಿನ ಆ ಒಂದು ವಾಕ್ಯದಲ್ಲಿ ಎರಡು ಬೇರೆ ಬೇರೆ ಘಟನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದಾರೆ. ತೊಡಕು ಅಲ್ಲಿಂದಲೇ ಶುರುವಾಗುತ್ತದೆ. ತ್ಸಾರನನ್ನು ಇಳಿಸಿದವರು ಬೊಲ್ಶೆವಿಕರಲ್ಲ. ಅವನು ಇಳಿದ ದಿನ ಲೆನಿನ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದ, ಟ್ರಾಟ್‌ಸ್ಕಿ ನ್ಯೂಯಾರ್ಕ್‌ನಲ್ಲಿದ್ದ, ಸ್ಟಾಲಿನ್ ಸೈಬೀರಿಯಾದ ಗಡೀಪಾರಿನಲ್ಲಿದ್ದ. ಅದಕ್ಕೂ ಕೆಲವೇ ವಾರಗಳ ಹಿಂದೆ ಜ್ಯೂರಿಕ್‌ನ ಒಂದು ಭಾಷಣದಲ್ಲಿ ಲೆನಿನ್, ಮುಂಬರುವ ಕ್ರಾಂತಿಯ ನಿರ್ಣಾಯಕ ಹೋರಾಟಗಳನ್ನು ನೋಡಲು ನಮ್ಮಂಥ ಹಿರಿಯರು ಬದುಕಿರಲಾರೆವೇನೋ ಎಂಬರ್ಥದ ಮಾತನ್ನು ಆಡಿದ್ದ. ಅವನಿಗೆ ಆಗ ನಲವತ್ತಾರು ವರ್ಷ.

ದಿನಾಂಕಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಆಗಿನ ರಷ್ಯಾದಲ್ಲಿ ಹಳೆಯ ಜೂಲಿಯನ್ ಪಂಚಾಂಗ ಬಳಕೆಯಲ್ಲಿತ್ತು. ಅದು ಈಗಿನದಕ್ಕಿಂತ 13 ದಿನ ಹಿಂದೆ. ಆಗಿನ ರಾಜಧಾನಿ ಪೆಟ್ರೋಗ್ರಾಡಿನ ಘಟನೆಗಳಿಗೆ ನಾನು ಹಳೆಯ ದಿನಾಂಕಗಳನ್ನೇ ಕೊಡುತ್ತೇನೆ; ಇಲ್ಲವಾದರೆ ಮಾರ್ಚ್ ತಿಂಗಳಲ್ಲಿ ನಡೆದದ್ದಕ್ಕೆ ಫೆಬ್ರವರಿ ಕ್ರಾಂತಿ ಎಂಬ ಹೆಸರೇಕೆ ಎಂದು ನಿಮ್ಮ ತಂಗಿಯ ಮಗಳು ಇನ್ನೊಂದು ಪ್ರಶ್ನೆ ಎತ್ತಿಯಾಳು.

ಬಂಗಾಳಕ್ಕೆ ಹೋಗುವ ಮೊದಲು ರಷ್ಯಾವನ್ನು ರಷ್ಯಾದೊಂದಿಗೇ ಹೋಲಿಸಿ ನೋಡುವುದು ಒಳ್ಳೆಯದು. 1905ರಲ್ಲಿಯೂ ಅಲ್ಲಿ ಯುದ್ಧವಿತ್ತು, ಸೋಲಿತ್ತು, ಕ್ರಾಂತಿಯೂ ಆಯಿತು. ಮಂಚೂರಿಯಾದಲ್ಲಿ ಜಪಾನ್ ರಷ್ಯಾದ ಸೈನ್ಯವನ್ನು ಬಡಿಯಿತು. ಜನವರಿ 9ರ ಭಾನುವಾರ ಅರ್ಜಿ ಹಿಡಿದು ಅರಮನೆಯತ್ತ ನಡೆದ ಕಾರ್ಮಿಕರ ಮೇಲೆ ಗುಂಡು ಹಾರಿತು. ಹುಳು ಬಿದ್ದ ಮಾಂಸವನ್ನು ಉಣಬಡಿಸಿದರೆಂದು ಪೊಟೆಮ್‌ಕಿನ್ ಯುದ್ಧನೌಕೆಯ ನಾವಿಕರು ದಂಗೆಯೆದ್ದರು. ಅಕ್ಟೋಬರಿನ ಹೊತ್ತಿಗೆ ದೇಶವಿಡೀ ಮುಷ್ಕರದಲ್ಲಿತ್ತು. ಆದರೂ ಅದೇ ಎರಡನೆಯ ನಿಕೊಲಾಯ್ ಉಳಿದುಕೊಂಡ. ಆತ ಮೊದಲು ಜಪಾನಿನೊಂದಿಗೆ ಒಪ್ಪಂದ ಮಾಡಿಕೊಂಡು ಯುದ್ಧವನ್ನು ಮುಗಿಸಿದ. ಆಮೇಲೆ ಡ್ಯೂಮಾ ಎಂಬ ಶಾಸನಸಭೆಯನ್ನು ಕೊಡುವ ಮಾತು ಕೊಟ್ಟು ಉದಾರವಾದಿಗಳನ್ನು ಸಮಾಧಾನಪಡಿಸಿದ. ಕೊನೆಗೆ ಡಿಸೆಂಬರಿನಲ್ಲಿ ರಾಜಧಾನಿಯಿಂದ ಸೆಮ್ಯೊನೊವ್‌ಸ್ಕಿ ಗಾರ್ಡ್ಸ್ ರೆಜಿಮೆಂಟನ್ನು ರೈಲಿನಲ್ಲಿ ಮಾಸ್ಕೋಗೆ ಕಳಿಸಿ ಅಲ್ಲಿನ ಸಶಸ್ತ್ರ ದಂಗೆಯನ್ನು ಅಡಗಿಸಿದ. ಆ ಸೈನಿಕರು ಹೇಳಿದ ಮಾತು ಕೇಳಿದರು. ಹನ್ನೊಂದು ವರ್ಷದ ನಂತರ ಅದೇ ಹೆಸರಿನ ರೆಜಿಮೆಂಟಿನ ಮೀಸಲು ಬೆಟಾಲಿಯನ್ ಪೆಟ್ರೋಗ್ರಾಡಿನ ಬೀದಿಯಲ್ಲಿ ಬಂಡಾಯಗಾರರ ಜೊತೆ ಸೇರಿತು. ಹೆಸರು ಮಾತ್ರ ಹಳೆಯದು, ಅದರೊಳಗಿನ ಜನ ಬೇರೆಯವರು. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಉತ್ತರ ಬಹುಪಾಲು ಈ ಬದಲಾವಣೆಯಲ್ಲಿಯೇ ಇದೆ.

ಯುದ್ಧದ ಅವಧಿಯಲ್ಲಿ ರಷ್ಯಾ ಒಟ್ಟು ಸುಮಾರು ಒಂದೂವರೆ ಕೋಟಿ ಗಂಡಸರನ್ನು ಸೇನೆಗೆ ಸೇರಿಸಿಕೊಂಡಿತು. 1914ರ ಆಗಸ್ಟಿನಲ್ಲಿ ಟ್ಯಾನೆನ್‌ಬರ್ಗ್‌ನಲ್ಲಿ, ಅನಂತರ 1915ರಲ್ಲಿ ಪೋಲೆಂಡನ್ನೇ ಬಿಟ್ಟು ಹಿಂದೆ ಸರಿದ ದೊಡ್ಡ ಹಿಮ್ಮೆಟ್ಟುವಿಕೆಯಲ್ಲಿ, ಶಾಂತಿಕಾಲದಲ್ಲಿ ತರಬೇತಾದ ಸಿಪಾಯಿಗಳೂ ಹಳೆಯ ಮನೆತನಗಳ ಅಧಿಕಾರಿಗಳೂ ಬಹುಮಟ್ಟಿಗೆ ಸತ್ತರು ಇಲ್ಲವೇ ಸೆರೆಯಾದರು. 1917ರ ಆರಂಭದಲ್ಲಿ ಪೆಟ್ರೋಗ್ರಾಡಿನ ಬ್ಯಾರಕ್ಕುಗಳಲ್ಲಿ ಕಿಕ್ಕಿರಿದಿದ್ದ 1,60,000ಕ್ಕೂ ಹೆಚ್ಚು ಸೈನಿಕರಲ್ಲಿ ಹೆಚ್ಚಿನವರು ಹೊಸದಾಗಿ ಎಳೆದು ತಂದ ರೈತರು, ನಡುವಯಸ್ಸಿನ ಮೀಸಲು ಸಿಪಾಯಿಗಳು, ಗಾಯ ಮಾಯ್ದು ಮತ್ತೆ ರಣರಂಗಕ್ಕೆ ಹೋಗುವ ಸರದಿಗಾಗಿ ಕಾಯುತ್ತಿದ್ದವರು. ಅವರಿಗೆ ಗುಂಡು ಹಾರಿಸಲು ಹೇಳಿದ್ದು ತಮ್ಮ ಅಕ್ಕತಂಗಿಯರಂಥ ಹೆಂಗಸರ ಮೇಲೆ.

ಫೆಬ್ರವರಿ 23 ಅಂತರರಾಷ್ಟ್ರೀಯ ಮಹಿಳಾ ದಿನ. ವೈಬೋರ್ಗ್ ಬಡಾವಣೆಯ ಜವಳಿ ಗಿರಣಿಗಳ ಹೆಂಗಸರು, ಇನ್ನೂ ಕತ್ತಲಿರುವಾಗಲೇ ಬ್ರೆಡ್ಡಿನ ಸರದಿಯಲ್ಲಿ ಗಂಟೆಗಟ್ಟಲೆ ನಿಂತು ಬೇಸತ್ತವರು, ಯಂತ್ರಗಳನ್ನು ನಿಲ್ಲಿಸಿ ಬೀದಿಗಿಳಿದರು. ಅಲ್ಲಿನ ಬೊಲ್ಶೆವಿಕ್ ಕಾರ್ಯಕರ್ತರು ಆ ದಿನ ಮುಷ್ಕರ ಬೇಡವೆಂದೇ ಸಲಹೆ ಕೊಟ್ಟಿದ್ದರು. ಅದನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ದಿನವಷ್ಟೇ ಪುಟಿಲೊವ್ ಕಾರ್ಖಾನೆಯ ಆಡಳಿತ ಬಾಗಿಲು ಮುಚ್ಚಿ ಸಾವಿರಾರು ಕಾರ್ಮಿಕರನ್ನು ಹೊರಗಿಟ್ಟಿತ್ತು. ಮೊದಲ ದಿನ ಸುಮಾರು 90,000ವಿದ್ದ ಮುಷ್ಕರದವರ ಸಂಖ್ಯೆ 25ರ ಹೊತ್ತಿಗೆ ಎರಡು ಲಕ್ಷವನ್ನು ಮೀರಿತು. ಆ ರಾತ್ರಿ ಮೊಗಿಲೆವ್‌ನ ಸೇನಾ ಕೇಂದ್ರದಲ್ಲಿದ್ದ ತ್ಸಾರ್, ನಾಳೆಯೇ ಗಲಭೆಯನ್ನು ನಿಲ್ಲಿಸಬೇಕೆಂದು ರಾಜಧಾನಿಯ ಸೇನಾಧಿಪತಿ ಖಬಾಲೊವ್‌ಗೆ ತಂತಿ ಕಳಿಸಿದ. ಮರುದಿನ ಗುಂಡು ಹಾರಿತು, ಜನ ಸತ್ತರು. ಹಾರಿಸಿದ ವೊಲಿನ್‌ಸ್ಕಿ ರೆಜಿಮೆಂಟಿನವರು ರಾತ್ರಿಯಿಡೀ ಬ್ಯಾರಕ್ಕಿನಲ್ಲಿ ತಮ್ಮತಮ್ಮಲ್ಲೇ ಚರ್ಚಿಸಿ, 27ರ ಬೆಳಗ್ಗೆ ತಮ್ಮ ಅಧಿಕಾರಿಯನ್ನೇ ಕೊಂದು ಬೀದಿಗೆ ಬಂದರು. ಸಂಜೆಯಾಗುವಷ್ಟರಲ್ಲಿ ನಗರದಲ್ಲಿ ಸರ್ಕಾರದ ಆಜ್ಞೆ ಪಾಲಿಸುವವರು ಯಾರೂ ಉಳಿದಿರಲಿಲ್ಲವೆಂದರೆ ತಪ್ಪಾಗದು.

ಇಷ್ಟಾದರೂ ದೊರೆ ಹೊರಗಿನಿಂದ ಸೈನ್ಯ ತರಿಸಿ ರಾಜಧಾನಿಯನ್ನು ಮತ್ತೆ ಹಿಡಿಯಬಹುದಿತ್ತು. ಅದು ಆಗದಂತೆ ಮಾಡಿದವರು ಅವನ ಸ್ವಂತ ಸೇನಾಪತಿಗಳು. ಸೇನಾ ಮುಖ್ಯಸ್ಥ ಅಲೆಕ್ಸೆಯೆವ್ ಎಲ್ಲ ರಣರಂಗಗಳ ದಂಡನಾಯಕರ ಅಭಿಪ್ರಾಯ ಕೇಳಿದ. ತ್ಸಾರನ ಬಂಧುವೇ ಆಗಿದ್ದ ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ಸೇರಿದಂತೆ ಅವರು ಸಿಂಹಾಸನ ಬಿಡುವುದೇ ಲೇಸೆಂದರು. ಯುದ್ಧವನ್ನು ಗೆಲ್ಲಬೇಕಾದರೆ ಈ ದೊರೆ ಹೋಗಬೇಕೆಂಬುದು ಅವರ ಲೆಕ್ಕಾಚಾರ. ಮಾರ್ಚ್ 2ರಂದು ಪ್ಸ್ಕೊವ್ ನಿಲ್ದಾಣದಲ್ಲಿ, ತನ್ನ ರೈಲಿನ ಬೋಗಿಯಲ್ಲಿಯೇ, ನಿಕೊಲಾಯ್ ಸಹಿ ಹಾಕಿದ. ಕಾಯಿಲೆಯ ಮಗನನ್ನು ಬಿಟ್ಟು ತಮ್ಮ ಮಿಖಾಯಿಲ್‌ಗೆ ಪಟ್ಟ ಕೊಟ್ಟ; ಆತ ಮರುದಿನ ಬೇಡವೆಂದ. ಅಲ್ಲಿಗೆ ಮುನ್ನೂರು ವರ್ಷದ ಕತೆ ಮುಗಿಯಿತು. ಬೊಲ್ಶೆವಿಕರು ಬಂದದ್ದು ಇದಾದ ಎಂಟು ತಿಂಗಳಿಗೆ. ಅದನ್ನು ಬೇರೆ ಯಾರಾದರೂ ಬರೆಯಲಿ. ನನ್ನ ಬೆರಳು ದಣಿದಿದೆ.

ಉತ್ತರ: ಯಶವಂತಪುರದ ಧಾನ್ಯ ವರ್ತಕ

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನಾನು ಇತಿಹಾಸ ಓದಿದವನಲ್ಲ. ಮೂವತ್ತು ವರ್ಷದಿಂದ ಎಪಿಎಂಸಿಯಲ್ಲಿ ಧಾನ್ಯದ ವ್ಯಾಪಾರ ಮಾಡಿಕೊಂಡಿದ್ದೇನೆ, ಯುದ್ಧಗಳ ಬಗ್ಗೆ ಓದುವ ಹುಚ್ಚು ಮಾತ್ರ ಇದೆ. ಆ ಬ್ರೆಡ್ಡಿನ ಸರದಿ ಹುಟ್ಟಿದ್ದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತು ಸೇರಿಸಬಹುದೆಂದುಕೊಳ್ಳುತ್ತೇನೆ, ಏಕೆಂದರೆ “ಧಾನ್ಯವಿರಲಿಲ್ಲ” ಎಂಬ ಗ್ರಹಿಕೆ ಸರಿಯಲ್ಲ.

ಯುದ್ಧಕ್ಕೆ ಮೊದಲು ರಷ್ಯಾ ಜಗತ್ತಿಗೆ ಗೋಧಿ ಮಾರುತ್ತಿದ್ದ ದೇಶ. ತುರ್ಕಿ ಯುದ್ಧಕ್ಕಿಳಿದು ಡಾರ್ಡನೆಲ್ಸ್ ಜಲಸಂಧಿ ಮುಚ್ಚಿದ ಮೇಲೆ ಆ ರಫ್ತು ನಿಂತುಹೋಯಿತು. ಲೆಕ್ಕದ ಪ್ರಕಾರ ಒಳಗೆ ಧಾನ್ಯ ಮಿಗಬೇಕಿತ್ತು. ಆದರೆ ರೈತ ಮಾರುವುದು ಹಣವನ್ನು ಮುಟ್ಟಿ ನೋಡುವುದಕ್ಕಲ್ಲ. ಆ ಹಣದಿಂದ ಬಟ್ಟೆ, ಮೊಳೆ, ನೇಗಿಲಿನ ಗುಳ, ಸೀಮೆಎಣ್ಣೆ ಕೊಳ್ಳುವುದಕ್ಕೆ. ಕಾರ್ಖಾನೆಗಳೆಲ್ಲ ಮದ್ದುಗುಂಡು ಮಾಡತೊಡಗಿದ ಮೇಲೆ ಕೊಳ್ಳುವುದಕ್ಕೆ ಸರಕೇ ಇರಲಿಲ್ಲ. ಅದೇ ಹೊತ್ತಿಗೆ ಸರ್ಕಾರ ನೋಟುಗಳನ್ನು ಅಚ್ಚು ಹಾಕುತ್ತಲೇ ಇತ್ತು. ಬೊಕ್ಕಸಕ್ಕೆ ಸುಮಾರು ಕಾಲು ಭಾಗ ಆದಾಯ ತರುತ್ತಿದ್ದ ವೋಡ್ಕಾ ಮಾರಾಟವನ್ನು 1914ರಲ್ಲಿ ತಾನೇ ನಿಷೇಧಿಸಿತ್ತು. ಆ ಕೊರತೆಯನ್ನೂ ಅಚ್ಚುಮನೆಯೇ ತುಂಬಬೇಕಿತ್ತು. ಬೆಲೆಗಳು ಮೂರು ನಾಲ್ಕು ಪಟ್ಟಾದವು. ಸರ್ಕಾರ ಧಾನ್ಯಕ್ಕೆ ಮಾತ್ರ ನಿಗದಿ ಬೆಲೆ ಕಟ್ಟಿತು, ಧಾನ್ಯ ಮಾರಿದವನು ಕೊಳ್ಳಬೇಕಾದ ವಸ್ತುಗಳಿಗೆ ಕಟ್ಟಲಿಲ್ಲ. ಇಂಥ ಸ್ಥಿತಿಯಲ್ಲಿ ಬುದ್ಧಿಯಿರುವ ಯಾವ ರೈತನೂ ಮಾಡುವುದನ್ನೇ ಅಲ್ಲಿನವನೂ ಮಾಡಿದ: ಒಂದಿಷ್ಟನ್ನು ಕಣಜದಲ್ಲಿಟ್ಟ, ಒಂದಿಷ್ಟನ್ನು ದನಕ್ಕೆ ಹಾಕಿದ. 1916ರ ಕೊನೆಗೆ ಕೃಷಿಮಂತ್ರಿ ರಿಟ್ಟಿಖ್ ಪ್ರಾಂತಕ್ಕಿಷ್ಟು ಧಾನ್ಯ ಕಡ್ಡಾಯವಾಗಿ ಕೊಡಬೇಕೆಂದು ಲೆವಿ ಹಾಕಿ ನೋಡಿದ, ಅದೂ ಸಾಲಲಿಲ್ಲ. ಲೆವಿ ಎಂದರೇನೆಂದು ನಮ್ಮ ತಂದೆಯವರ ಕಾಲದ ಮಂಡಿ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಡೆ ರೈಲು. ಧಾನ್ಯ ಮಿಗುತ್ತಿದ್ದ ಸೀಮೆಗಳು ದಕ್ಷಿಣದಲ್ಲಿ ಮತ್ತು ಸೈಬೀರಿಯಾದಲ್ಲಿ, ತಿನ್ನುವ ಬಾಯಿಗಳು ವಾಯವ್ಯದ ಮೂಲೆಯಲ್ಲಿ. ಪೆಟ್ರೋಗ್ರಾಡಿಗೆ ಮೊದಲು ಕಲ್ಲಿದ್ದಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು. ಜರ್ಮನಿ ಬಾಲ್ಟಿಕ್ ಸಮುದ್ರವನ್ನು ಬಂದ್ ಮಾಡಿದ ಮೇಲೆ ಅದನ್ನೂ ದಕ್ಷಿಣದ ಗಣಿಸೀಮೆ ಡೊನ್‌ಬಾಸ್‌ನಿಂದ ಅದೇ ಹಳಿಗಳ ಮೇಲೆ ಎಳೆಯಬೇಕಾಯಿತು. ಸೈನ್ಯಕ್ಕೆ ಮದ್ದುಗುಂಡು, ಕುದುರೆಗಳಿಗೆ ಮೇವು, ಕಾರ್ಖಾನೆಗೆ ಕಲ್ಲಿದ್ದಲು ಹೋದ ಮೇಲೆ ಉಳಿದ ವ್ಯಾಗನ್ನು ಊರಿನ ಹಿಟ್ಟಿಗೆ. ಯುದ್ಧದ ಕೆಲಸಕ್ಕೆಂದು ಬಂದವರಿಂದ ನಗರದ ಜನಸಂಖ್ಯೆ 24 ಲಕ್ಷದ ಸುಮಾರಿಗೆ ಬೆಳೆದಿತ್ತು. 1917ರ ಚಳಿ ಬೇರೆ ವಿಪರೀತವಾಗಿ ಇಂಜಿನ್ನುಗಳು ಕೆಟ್ಟು ನಿಂತವು. ಇಷ್ಟರ ಮೇಲೆ ಫೆಬ್ರವರಿಯ ಮೂರನೆಯ ವಾರದಲ್ಲಿ, ಮುಂದಿನ ತಿಂಗಳಿನಿಂದ ಬ್ರೆಡ್ಡಿಗೆ ಪಡಿತರ ಬರಲಿದೆ ಎಂಬ ಸುದ್ದಿ ಹೊರಬಿತ್ತು. ಮಾರುಕಟ್ಟೆ ಬಲ್ಲವರಿಗೆ ಮುಂದಿನದ್ದು ಗೊತ್ತೇ ಇದೆ: ಆವಕ ಎಂದಿನಷ್ಟೇ ಇದ್ದರೂ ಅರ್ಧ ದಿನದಲ್ಲಿ ಅಂಗಡಿ ಖಾಲಿ. 2020ರ ಲಾಕ್‌ಡೌನಿನ ಮೊದಲ ದಿನಗಳಲ್ಲಿ ಕೋಲಾರದ ಕಡೆ ಟೊಮೆಟೊ ಹೊಲದಲ್ಲೇ ಕೊಳೆಯುತ್ತಿರುವಾಗ ಇಲ್ಲಿ ನಮ್ಮ ಬೀದಿಯ ಜನ ಚೀಲಗಟ್ಟಲೆ ಅಕ್ಕಿಬೇಳೆ ತುಂಬಿಟ್ಟುಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಈಗ ಬಂಗಾಳದ ವಿಷಯ. ಅಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 1943ರಲ್ಲಿ ಕಲ್ಕತ್ತೆಯ ಕಾರ್ಖಾನೆ ಕಾರ್ಮಿಕರಿಗೆ, ಸರ್ಕಾರಿ ನೌಕರರಿಗೆ ಆದ್ಯತೆಯ ಮೇಲೆ ನಿಯಂತ್ರಿತ ಬೆಲೆಯಲ್ಲಿ ಅಕ್ಕಿ ಸಿಗುವಂತೆ ಮಾಡಲಾಗಿತ್ತು. ಸತ್ತ 20ರಿಂದ 30 ಲಕ್ಷ ಜನರಲ್ಲಿ ಬಹುಪಾಲು ಹಳ್ಳಿಗಳ ಕೂಲಿಯವರು, ಬೆಸ್ತರು, ದುಡಿಮೆ ಕಳೆದುಕೊಂಡ ಬಡವರು. ರಷ್ಯಾದಲ್ಲಿ ಹಳ್ಳಿಯ ಕಣಜದಲ್ಲಿ ಧಾನ್ಯವಿತ್ತು, ರಾಜಧಾನಿಯ ಮದ್ದುಗುಂಡಿನ ಕಾರ್ಮಿಕ ಹಸಿದಿದ್ದ. ಬಂಗಾಳದಲ್ಲಿ ಮದ್ದುಗುಂಡಿನ ಕಾರ್ಮಿಕ ಉಂಡಿದ್ದ, ಹಳ್ಳಿಯವನು ಹಸಿದು ನಗರದ ಕಾಲುದಾರಿಯಲ್ಲಿ ಬಂದು ಬಿದ್ದು ಸತ್ತ. ದಿನಗಟ್ಟಲೆ ಉಣ್ಣದವನಿಗೆ ದಂಗೆಯೇಳಲು ಮೈಯಲ್ಲಿ ಕಸುವೂ ಇರುವುದಿಲ್ಲ. ಕಾಂಗ್ರೆಸ್ಸಿನ ನಾಯಕರಂತೂ 1942ರ ಆಗಸ್ಟಿನಿಂದಲೇ ಜೈಲಿನಲ್ಲಿದ್ದರು.

ಉತ್ತರ: ಬಸವನಗುಡಿ ಬ್ಯೂಗಲ್

ಹಿರಿಯರಿಬ್ಬರೂ ರಾಸ್‌ಪುಟಿನ್ ಹೆಸರನ್ನೇ ಎತ್ತಲಿಲ್ಲವೆಂಬುದು ಆಶ್ಚರ್ಯ. ಚಳಿ, ರೈಲು, ಬೆಲೆ ಎಲ್ಲವೂ ಸರಿ; ಆದರೆ ದೊರೆ ಸ್ವಲ್ಪ ಚುರುಕಾಗಿದ್ದು, ರಾಣಿ ಒಬ್ಬ ಸಾಧುವಿನ ಮಾತು ಕೇಳಿ ಮಂತ್ರಿಗಳನ್ನು ಬದಲಾಯಿಸದೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ವ್ಯಕ್ತಿಗಳ ಪಾತ್ರವನ್ನು ಪೂರ್ತಿ ಅಳಿಸಿಹಾಕಿ ಎಲ್ಲವನ್ನೂ ಗೋಧಿಯ ಲೆಕ್ಕದಲ್ಲಿ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ: ಮಲ್ಲೇಶ್ವರದ ನಿವೃತ್ತ ಉಪನ್ಯಾಸಕಿ

ನಿಮ್ಮ ಆಕ್ಷೇಪದಲ್ಲಿ ಅರ್ಧ ನಿಜವಿದೆ. ರಾಸ್‌ಪುಟಿನ್‌ನನ್ನು 1916ರ ಡಿಸೆಂಬರಿನಲ್ಲಿಯೇ, ಅದೂ ರಾಜಮನೆತನದ ನಂಟರೇ ಸೇರಿ, ಕೊಂದುಹಾಕಿದರು. ಅವನು ಸತ್ತು ಎರಡು ತಿಂಗಳು ಕಳೆದ ಮೇಲೂ ಸಿಂಹಾಸನ ಉಳಿಯಲಿಲ್ಲ. ಹಾಗಾಗಿ ಅವನನ್ನು ಕಾರಣವೆನ್ನುವುದಕ್ಕಿಂತ ಜನರ ಬಾಯಿಗೆ ಸಿಕ್ಕ ಕತೆ ಎನ್ನುವುದು ಮೇಲು. ಆದರೆ ದೊರೆಯ ಒಂದು ತೀರ್ಮಾನ ನಿಜಕ್ಕೂ ದುಬಾರಿಯಾಯಿತು. 1915ರ ಆಗಸ್ಟಿನಲ್ಲಿ, ಮಂತ್ರಿಗಳು ಬೇಡಬೇಡವೆಂದರೂ, ಸೇನೆಯ ಸರ್ವೋಚ್ಚ ನಾಯಕತ್ವವನ್ನು ತಾನೇ ವಹಿಸಿಕೊಂಡು ಮೊಗಿಲೆವ್‌ಗೆ ಹೋದ. ಅಲ್ಲಿಂದ ಮುಂದಿನ ಪ್ರತಿ ಸೋಲೂ ಅವನ ಹೆಸರಿಗೇ ಬರೆದುಕೊಂಡಿತು; ರಾಜಧಾನಿಯ ಆಡಳಿತ ಜರ್ಮನ್ ಮೂಲದ ರಾಣಿ ಅಲೆಕ್ಸಾಂಡ್ರಾಳ ಕೈಗೆ ಹೋಗಿದೆಯೆಂಬ ಗುಸುಗುಸು ಸರದಿ ಸಾಲಿನಿಂದ ಡ್ಯೂಮಾದವರೆಗೂ ಹಬ್ಬಿತು. 1916ರ ನವೆಂಬರಿನಲ್ಲಿ ಮಿಲ್ಯುಕೊವ್ ಡ್ಯೂಮಾದಲ್ಲಿ ಎದ್ದುನಿಂತು ಸರ್ಕಾರದ ತಪ್ಪುಗಳನ್ನು ಒಂದೊಂದಾಗಿ ಎಣಿಸುತ್ತ, ಇದು ಮೂರ್ಖತನವೋ ದ್ರೋಹವೋ ಎಂದು ಕೇಳಿದ. ಆತ ಕ್ರಾಂತಿಕಾರಿಯಲ್ಲ, ಇಂಗ್ಲೆಂಡಿನಂಥ ಅರಸೊತ್ತಿಗೆ ಇರಲೆಂದು ಬಯಸಿದ ಇತಿಹಾಸದ ಪ್ರಾಧ್ಯಾಪಕ.

ವ್ಯಕ್ತಿಗಳ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಹಿಂದೆ ಒಳಾಡಳಿತ ಮಂತ್ರಿಯಾಗಿದ್ದ ಪ್ಯೋತ್ರ್ ದುರ್ನೊವೊ ಎಂಬ ಕಟ್ಟಾ ರಾಜಭಕ್ತ 1914ರ ಫೆಬ್ರವರಿಯಲ್ಲಿ, ಅಂದರೆ ಯುದ್ಧ ಶುರುವಾಗುವ ಆರು ತಿಂಗಳು ಮೊದಲೇ, ತ್ಸಾರನಿಗೆ ಒಂದು ಟಿಪ್ಪಣಿ ಕೊಟ್ಟಿದ್ದ. ಜರ್ಮನಿಯೊಂದಿಗೆ ಯುದ್ಧವಾಗಿ ಸೋತರೆ ಎಲ್ಲ ಕೇಡಿಗೂ ಸರ್ಕಾರವನ್ನೇ ದೂರುತ್ತಾರೆ, ಸೈನ್ಯ ನಂಬಿಕೆಗೆ ಉಳಿಯುವುದಿಲ್ಲ, ಉದಾರವಾದಿಗಳು ತಾವೇ ಎಬ್ಬಿಸಿದ ಜನರನ್ನು ಹಿಡಿದಿಡಲಾರರು, ಕೊನೆಗೆ ತೀವ್ರ ಸಮಾಜವಾದಿ ಕ್ರಾಂತಿಯೇ ಗತಿ ಎಂಬುದು ಅದರ ಸಾರಾಂಶ. ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ನಡೆಯಿತು. ದುರ್ನೊವೊ 1915ರಲ್ಲಿ ತೀರಿಕೊಂಡ. ತನ್ನ ಮಾತು ನಿಜವಾದದ್ದನ್ನು ನೋಡುವ ದುರದೃಷ್ಟ ಅವನಿಗೆ ಬರಲಿಲ್ಲ.

ಪ್ರಶ್ನೆ ಕೇಳಿದವರಿಂದ: ಜೆ.ಸಿ. ನಗರದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಅರಸ ಹೋದದ್ದು ಹೇಗೆಂದು ಈಗ ಅರ್ಥವಾಯಿತು. ಆದರೆ ಅವನ ಜಾಗಕ್ಕೆ ಡ್ಯೂಮಾದ ಗೌರವಸ್ಥರು ಬಂದಿದ್ದರಲ್ಲ. ಫೆಬ್ರವರಿಯಲ್ಲಿ ಬೀದಿಯಲ್ಲಿ ಹೆಚ್ಚೇನೂ ಕಾಣಿಸದಿದ್ದ ಬೊಲ್ಶೆವಿಕರು ಅಕ್ಟೋಬರಿನಲ್ಲಿ ಗೆದ್ದದ್ದು ಹೇಗೆ? ಜರ್ಮನಿಯಲ್ಲಿಯೂ ಕೈಸರ್ ಇದೇ ಯುದ್ಧದಿಂದ ಹೋದ, ಅಲ್ಲಿ ಲೆನಿನ್‌ನಂಥವರು ಗೆಲ್ಲಲಿಲ್ಲವಲ್ಲ?

ಉತ್ತರ: ವಿಜಯನಗರದ ಹವ್ಯಾಸಿ

ಎರಡೂ ಪ್ರಶ್ನೆಗಳಿಗೆ ಒಂದೇ ಕಡೆಯಿಂದ ಉತ್ತರ ಸಿಗುತ್ತದೆ: ಅರಸ ಹೋದ ಮೇಲೆ ಬಂದವರು ಯುದ್ಧವನ್ನು ಏನು ಮಾಡಿದರು ಎಂದು ನೋಡಬೇಕು.

ಪೆಟ್ರೋಗ್ರಾಡಿನಲ್ಲಿ ಬಂದ ತಾತ್ಕಾಲಿಕ ಸರ್ಕಾರ ಯುದ್ಧವನ್ನು ಮುಂದುವರಿಸಿತು. ಮಿತ್ರರಾಷ್ಟ್ರಗಳಿಗೆ ಕೊಟ್ಟ ಮಾತು, ಅವರಿಂದ ತಂದ ಸಾಲ, ಗೆದ್ದರೆ ಕಾನ್‌ಸ್ಟಾಂಟಿನೋಪಲ್ ಸಿಗುವುದೆಂಬ ಹಳೆಯ ಆಸೆ ಇವುಗಳ ಜೊತೆಗೆ, ಜರ್ಮನಿಯೊಂದಿಗೆ ಪ್ರತ್ಯೇಕವಾಗಿ ರಾಜಿಯಾದರೆ ದೇಶದ್ರೋಹವಾಗುತ್ತದೆಂಬ ಪ್ರಾಮಾಣಿಕ ಭಾವನೆಯೂ ಅವರಲ್ಲಿತ್ತು. ಭೂಮಿ ಹಂಚಿಕೆಯನ್ನು ಸಂವಿಧಾನ ಸಭೆ ನಿರ್ಧರಿಸಲಿ ಎಂದರು. ಆ ಸಭೆಯ ಚುನಾವಣೆಯನ್ನು ಮೊದಲು ಸೆಪ್ಟೆಂಬರಿಗೆ ಗೊತ್ತುಮಾಡಿ ಬಳಿಕ ನವೆಂಬರಿಗೆ ಮುಂದೂಡಿದರು. ಧಾನ್ಯಕ್ಕೆ ಸರ್ಕಾರಿ ಏಕಸ್ವಾಮ್ಯ ಘೋಷಿಸಿದರು. ವರ್ತಕರು ಮೇಲೆ ಹೇಳಿದ ಕಾರಣಗಳಲ್ಲಿ ಒಂದೂ ಬದಲಾಗಿರಲಿಲ್ಲವಾದ್ದರಿಂದ ಅದೂ ಫಲಿಸಲಿಲ್ಲ. ಜೂನ್‌ನಲ್ಲಿ ಯುದ್ಧಮಂತ್ರಿ ಕೆರೆನ್‌ಸ್ಕಿ ಹೊಸ ದಾಳಿಗೆ ಸೈನ್ಯವನ್ನು ಹುರಿದುಂಬಿಸಿದ. ಕೆಲವೇ ದಿನಗಳಲ್ಲಿ ಅದು ಕುಸಿದು, ಸೈನಿಕರು ಹಳ್ಳಿಗಳತ್ತ ಕಾಲ್ಕಿತ್ತರು. ಊರಿನಲ್ಲಿ ಜಮೀನ್ದಾರರ ಭೂಮಿ ಹಂಚಿಕೆಯಾಗುತ್ತಿರುವಾಗ ರೈತನ ಮಗ ಕಂದಕದಲ್ಲಿ ಕೂತಿರುವುದು ಹೇಗೆ?

ಇಷ್ಟು ಹೊತ್ತೂ ಸರ್ಕಾರದ ಹೊರಗೆ ನಿಂತು, ಯುದ್ಧ ನಿಲ್ಲಲಿ, ಭೂಮಿ ರೈತರಿಗೆ, ಅಧಿಕಾರ ಸೋವಿಯತ್‌ಗಳಿಗೆ (ಕಾರ್ಮಿಕರ, ಸೈನಿಕರ ಚುನಾಯಿತ ಮಂಡಳಿಗಳಿಗೆ) ಎಂದು ಎಡೆಬಿಡದೆ ಹೇಳುತ್ತಿದ್ದ ದೊಡ್ಡ ಪಕ್ಷ ಬೊಲ್ಶೆವಿಕರದ್ದು. ಲೆನಿನ್ ಏಪ್ರಿಲ್ 3ರಂದು ಜರ್ಮನಿ ಒದಗಿಸಿದ ರೈಲಿನ ಹಾದಿಯಿಂದ ಫಿನ್‌ಲ್ಯಾಂಡ್ ನಿಲ್ದಾಣದಲ್ಲಿ ಬಂದಿಳಿದು ಈ ಮಾತುಗಳನ್ನು ಮುಂದಿಟ್ಟಾಗ ಅವನ ಪಕ್ಷದವರೇ ಅನೇಕರು ಬೆಚ್ಚಿದರು. ಫೆಬ್ರವರಿಯಲ್ಲಿ ಸುಮಾರು 24,000 ಸದಸ್ಯರಿದ್ದ ಪಕ್ಷ ಅಕ್ಟೋಬರಿನ ವೇಳೆಗೆ ಲಕ್ಷಗಳ ಲೆಕ್ಕಕ್ಕೆ ಬೆಳೆಯಿತು. ಮಿಕ್ಕ ಸಮಾಜವಾದಿ ಪಕ್ಷಗಳು ತಾತ್ಕಾಲಿಕ ಸರ್ಕಾರದಲ್ಲಿ ಮಂತ್ರಿಗಳಾಗಿ ಕೂತು ಯುದ್ಧದ ಮೈಲಿಗೆಯನ್ನು ತಾವೂ ಅಂಟಿಸಿಕೊಂಡಿದ್ದವು. ಆಗಸ್ಟಿನಲ್ಲಿ ದಂಡನಾಯಕ ಕೊರ್ನಿಲೊವ್ ರಾಜಧಾನಿಯತ್ತ ಪಡೆ ಕಳಿಸಿದಾಗ ಅದನ್ನು ತಡೆಯಲು ಕೆರೆನ್‌ಸ್ಕಿ ಬೊಲ್ಶೆವಿಕರ ನೆರವನ್ನೇ ಬೇಡಬೇಕಾಯಿತು. ರೈಲ್ವೆ ನೌಕರರು ಹಳಿ ತಡೆದರು, ರೆಡ್ ಗಾರ್ಡ್ ಎಂಬ ಕಾರ್ಮಿಕ ಪಡೆಯ ಕೈಗೆ ಬಂದೂಕು ಬಂತು, ಮುಂದಿನ ತಿಂಗಳು ಪೆಟ್ರೋಗ್ರಾಡ್ ಮತ್ತು ಮಾಸ್ಕೋ ಸೋವಿಯತ್‌ಗಳೆರಡರಲ್ಲೂ ಬೊಲ್ಶೆವಿಕರಿಗೆ ಬಹುಮತ ಬಂತು.

ಮೇಡಂ ಅವರ ಮಾತಿಗೆ ಬೆಂಬಲವಾಗಿ ಒಂದು ಸಂಗತಿ. ಅಕ್ಟೋಬರಿನಲ್ಲಿಯೂ ತೀರ್ಪು ಕೊಟ್ಟದ್ದು ಅದೇ ಬ್ಯಾರಕ್ಕುಗಳು. ರೀಗಾ ಜರ್ಮನರ ಕೈಸೇರಿದ ಮೇಲೆ ಸರ್ಕಾರ ರಾಜಧಾನಿಯ ತುಕಡಿಗಳನ್ನು ರಣರಂಗಕ್ಕೆ ಕಳಿಸಲು ಹೊರಟಿತು. ಹೋಗಲೊಲ್ಲದ ಸೈನಿಕರು, ಸೋವಿಯತ್ ರಚಿಸಿದ್ದ ಸೈನಿಕ ಕ್ರಾಂತಿ ಸಮಿತಿಯ ಆಜ್ಞೆಯನ್ನು ಮಾತ್ರ ಪಾಲಿಸುತ್ತೇವೆಂದು ತಿರುಗಿಬಿದ್ದರು. ಆ ಸಮಿತಿಯ ಸೂತ್ರ ಇದ್ದದ್ದು ಟ್ರಾಟ್‌ಸ್ಕಿಯ ಕೈಯಲ್ಲಿ. 25ರ ರಾತ್ರಿ ಚಳಿಗಾಲದ ಅರಮನೆಯನ್ನು ಕಾಯಲು ಉಳಿದವರು ಮುಖ್ಯವಾಗಿ ಒಂದಿಷ್ಟು ಕೆಡೆಟ್‌ಗಳು ಮತ್ತು ಮಹಿಳಾ ಬೆಟಾಲಿಯನ್ನಿನ ಒಂದು ತುಕಡಿ. ಮರುದಿನವೇ ಶಾಂತಿಯ ಮತ್ತು ಭೂಮಿಯ ಆಜ್ಞೆಗಳು ಹೊರಬಿದ್ದವು.

ಇನ್ನು ಜರ್ಮನಿ. ಅಲ್ಲಿನ ಹಸಿವು ರಷ್ಯಾದ್ದಕ್ಕಿಂತ ಕಡಿಮೆಯೇನಲ್ಲ. 1916–17ರ ಚಳಿಗಾಲದಲ್ಲಿ ಆಲೂಗಡ್ಡೆ ಸಿಗದೆ ದನದ ಮೇವಿನ ಟರ್ನಿಪ್ ಗೆಡ್ಡೆ ತಿಂದು ಬದುಕಿದರು. ಆದರೂ ಕೈಸರ್ ಉಳಿದ, ಏಕೆಂದರೆ ಸೈನ್ಯ ಇನ್ನೂ ಗೆಲ್ಲುವ ನಂಬಿಕೆಯಲ್ಲಿತ್ತು. 1918ರ ಶರತ್ಕಾಲದಲ್ಲಿ ಆ ನಂಬಿಕೆ ಹೋಯಿತು. ಕೊನೆಯ ಒಂದು ಕದನಕ್ಕೆ ಹೊರಡಿರೆಂಬ ಆಜ್ಞೆಯನ್ನು ನೌಕಾಪಡೆಯವರು ಧಿಕ್ಕರಿಸಿದರು, ಕೀಲ್ ಬಂದರಿನಲ್ಲಿ ದಂಗೆ ಹೊತ್ತಿಕೊಂಡಿತು, ಸೈನ್ಯ ನಿಮ್ಮ ಹಿಂದಿಲ್ಲವೆಂದು ದಂಡನಾಯಕ ಗ್ರೋನರ್ ಮುಖದ ಮೇಲೇ ಹೇಳಿದ. ನವೆಂಬರ್ 9ರಂದು ಕೈಸರ್ ಇಳಿದ ಸುದ್ದಿ ಘೋಷಣೆಯಾಯಿತು. ಇಲ್ಲಿಯವರೆಗೆ ರಷ್ಯಾದ ಕತೆಯೇ. ಆದರೆ ಅಧಿಕಾರ ವಹಿಸಿಕೊಂಡ ಸಮಾಜವಾದಿ ಎಬರ್ಟ್‌ನ ಸರ್ಕಾರದಲ್ಲಿ ಎರಡೇ ದಿನಕ್ಕೆ, 11ರಂದು, ಕದನವಿರಾಮವಾಯಿತು. ಜನವರಿ 19ಕ್ಕೆ ಚುನಾವಣೆಯೂ ನಡೆದುಹೋಯಿತು. ಸ್ಪಾರ್ಟಕಸ್ ಎಂಬ ತೀವ್ರ ಸಮಾಜವಾದಿ ಗುಂಪಿನವರು ಬರ್ಲಿನ್ನಿನಲ್ಲಿ ಬಂಡಾಯವೆದ್ದಾಗ ಅವರ ಬತ್ತಳಿಕೆಯಲ್ಲಿ ಅತಿ ದೊಡ್ಡ ಬಾಣ, ಅಂದರೆ ಯುದ್ಧ ನಿಲ್ಲಿಸುತ್ತೇವೆಂಬ ಮಾತು, ಇರಲೇ ಇಲ್ಲ.

ಬಲ್ಗೇರಿಯಾ ಇನ್ನೂ ಕುತೂಹಲದ್ದು. 1918ರ ಸೆಪ್ಟೆಂಬರಿನಲ್ಲಿ ಅಲ್ಲಿಯೂ ಸೈನಿಕರು ದಂಗೆಯೆದ್ದು ರಾಜಧಾನಿಯತ್ತ ನಡೆದರು. ಸರ್ಕಾರ ತಕ್ಷಣ ಕದನವಿರಾಮಕ್ಕೆ ಸಹಿ ಹಾಕಿತು, ದೊರೆ ಫರ್ಡಿನಾಂಡ್ ಮಗ ಬೋರಿಸ್‌ಗೆ ಪಟ್ಟ ಬಿಟ್ಟು ದೇಶ ತೊರೆದ. ಅರಸ ಹೋದ, ಅರಸೊತ್ತಿಗೆ 1946ರವರೆಗೂ ಉಳಿಯಿತು.

ಉತ್ತರ: ಯಶವಂತಪುರದ ಧಾನ್ಯ ವರ್ತಕ

ಇದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಬೊಲ್ಶೆವಿಕರು ಬಂದ ಮೇಲೆ ಬ್ರೆಡ್ ಹೆಚ್ಚಲಿಲ್ಲ, ಇನ್ನೂ ಕಡಿಮೆಯಾಯಿತು. ಬಂದೂಕು ಹಿಡಿದು ಹಳ್ಳಿಗಳಿಂದ ಧಾನ್ಯ ಎತ್ತಿದರು; 1920ರ ಹೊತ್ತಿಗೆ ಪೆಟ್ರೋಗ್ರಾಡಿನಲ್ಲಿ ಸುಮಾರು ಏಳು ಲಕ್ಷ ಜನ ಮಾತ್ರ ಉಳಿದಿದ್ದರು; 1921–22ರ ಕ್ಷಾಮದಲ್ಲಿ ಸತ್ತವರು ಸುಮಾರು 50 ಲಕ್ಷ. 1917ರ ಸರದಿ ಸಾಲು ಅದರ ಮುಂದೆ ಏನೂ ಅಲ್ಲ. 1921ರಲ್ಲಿ ಪೆಟ್ರೋಗ್ರಾಡಿನ ಬಳಿಯ ಕ್ರೊನ್‌ಸ್ಟಾಟ್ ನೌಕಾನೆಲೆಯ ನಾವಿಕರು ದಂಗೆಯೆದ್ದಾಗ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಹೋಗಿ ಅವರನ್ನು ಅಡಗಿಸಲು ಕೆಂಪು ಸೇನೆ ಇತ್ತು. ಆದರೂ ಲೆನಿನ್ ಆ ತಿಂಗಳೇ ಧಾನ್ಯ ಎತ್ತುವಳಿಯನ್ನು ಕೈಬಿಟ್ಟು, ತೆರಿಗೆ ಕೊಟ್ಟು ಮಿಕ್ಕದ್ದನ್ನು ಮಾರಿಕೊಳ್ಳಲು ರೈತರಿಗೆ ಅವಕಾಶ ಕೊಟ್ಟ. ಮಾರುಕಟ್ಟೆಯ ಭಾಷೆ ಅವನಿಗೆ ತಡವಾಗಿಯಾದರೂ ತಿಳಿಯಿತು.

ಪ್ರಶ್ನೆ ಕೇಳಿದವರಿಂದ: ಜೆ.ಸಿ. ನಗರದ ಓದುಗ

ಇವಿಷ್ಟನ್ನೂ ನಿನ್ನೆ ರಾತ್ರಿ ಫೋನಿನಲ್ಲಿ ತಂಗಿಯ ಮಗಳಿಗೆ ಓದಿ ಹೇಳಿದೆ. ಕೊನೆಯವರೆಗೂ ಸುಮ್ಮನೆ ಕೇಳಿಸಿಕೊಂಡವಳು, “ಹಾಗಾದರೆ ಆ ಮೀಸಲು ಬೆಟಾಲಿಯನ್ನುಗಳನ್ನು ಊರಿನಾಚೆ ಇಟ್ಟು, ನಂಬಿಕಸ್ಥ ಸೈನ್ಯವನ್ನು ರಾಜಧಾನಿಗೆ ತರಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲವಾ ಮಾವ?” ಎಂದಳು. ಮೇಡಂ, ಇದಕ್ಕೂ ನೀವೇ ಹೇಳಬೇಕು.

ಉತ್ತರ: ಮಲ್ಲೇಶ್ವರದ ನಿವೃತ್ತ ಉಪನ್ಯಾಸಕಿ

ಹೊಳೆದಿತ್ತು. 1917ರ ಆರಂಭದಲ್ಲಿ, ಅಲೆಕ್ಸೆಯೆವ್ ಕಾಯಿಲೆ ಬಿದ್ದು ಅವನ ಜಾಗದಲ್ಲಿ ಗುರ್ಕೊ ಕೆಲಸ ನೋಡುತ್ತಿದ್ದಾಗ, ರಣರಂಗದಲ್ಲಿದ್ದ ಗಾರ್ಡ್ಸ್ ಅಶ್ವದಳವನ್ನು ರಾಜಧಾನಿಗೆ ಕರೆಸಿಕೊಳ್ಳಲು ತ್ಸಾರನೇ ಸೂಚಿಸಿದ್ದ. ಅವರು ಬರಲಿಲ್ಲ. ಪೆಟ್ರೋಗ್ರಾಡಿನ ಬ್ಯಾರಕ್ಕುಗಳಲ್ಲಿ ಮೀಸಲು ಬೆಟಾಲಿಯನ್ನುಗಳು ತುಂಬಿಹೋಗಿರುವುದರಿಂದ ಅವರನ್ನು ಇಳಿಸಲು ಜಾಗವಿಲ್ಲವೆಂಬ ಉತ್ತರ ಬಂತು.